ಶೇಕಡಾ 98ರಲ್ಲಿ ನಿಂತ ಕೆಲಸ

ಕಳೆದ ದೀಪಾವಳಿ ರಜೆಗೆ ಊರಿನ ಬಸ್ ಹಿಡಿಯೋ ಗಡಿಬಿಡಿಯಲ್ಲಿ ನಾವು ಮೂವರು ರೂಮ್‌ಮೇಟ್‌ಗಳು ಕೊನೆಗೆ ಮಾಡಿದ ಕೆಲಸ ಅಂದ್ರೆ ಮಂಚದ ಪಕ್ಕದ ಡೆಸ್ಕ್‌ಟಾಪ್‌ನ ಪ್ಲಗ್ ಕಿತ್ತದ್ದು. ಅದು ನಮ್ಮ 'ಹೋಮ್ ಸರ್ವರ್'. ಹೆಸರು ದೊಡ್ಡದು, ಪೆಟ್ಟಿಗೆ ಸಣ್ಣದು. ಸೆಕೆಂಡ್ ಹ್ಯಾಂಡ್‌ನಲ್ಲಿ ತಂದ ನಾಲ್ಕು ಕೋರಿನ ಹಳೇ ಐ5, 8 ಜಿಬಿ ಮೆಮೊರಿ, ಒಂದು ಬದಿಯ ಮುಚ್ಚಳವೇ ಇಲ್ಲದ ಕ್ಯಾಬಿನೆಟ್. ಸಿನಿಮಾ, ನೋಟ್ಸ್, ಹಳೇ ಕ್ವೆಶ್ಚನ್ ಪೇಪರ್ ಎಲ್ಲಾ ಅದರಲ್ಲೇ. ಉಳಿದ ಹೊತ್ತು ಅದು ಸುಮ್ಮನೆ ಕೂರೋದು ಯಾಕೆ ಅಂತ ಲಿನಕ್ಸ್ ಮೇಲೆ ಬಾಯಿಂಕ್ ಹಾಕಿ ಎರಡು ವಿಜ್ಞಾನ ಪ್ರಾಜೆಕ್ಟ್‌ಗಳಿಗೆ ಸೇರಿಸಿದ್ವಿ.

ಹನ್ನೆರಡು ದಿನ ಬಿಟ್ಟು ವಾಪಸ್ ಬಂದು ಆನ್ ಮಾಡಿದಾಗ ಹದಿನಾಲ್ಕು ಟಾಸ್ಕ್‌ಗಳ ಡೆಡ್‌ಲೈನ್ ದಾಟಿತ್ತು. ನಿಜ ಹೇಳ್ಬೇಕಂದ್ರೆ ನಮಗೆ ಏನೂ ಅನ್ನಿಸಲಿಲ್ಲ. ಪುಕ್ಕಟೆ ಕೊಡ್ತಿರೋದು ತಾನೇ, ಯಾರು ಕೇಳ್ತಾರೆ ಅಂದುಕೊಂಡ್ವಿ. ಆಮೇಲೆ ಕುತೂಹಲಕ್ಕೆ ಒಂದು ಟಾಸ್ಕಿನ ವಿವರ ತೆಗೆದು ನೋಡಿದ್ವಿ. ಅದೇ ಕೆಲಸ ನಮ್ಮ ಜೊತೆಗೆ ಇನ್ನೊಂದು ಕಂಪ್ಯೂಟರ್‌ಗೂ ಹೋಗಿತ್ತು. ಅದು ಎರಡನೇ ದಿನವೇ ಮುಗಿಸಿ ಕಳಿಸಿತ್ತು. ಅದರ ಉತ್ತರದ ಎದುರು 'ಪೆಂಡಿಂಗ್' ಅಂತ ಬರೆದಿತ್ತು. ಯಾರು, ಯಾವ ದೇಶ, ಒಂದೂ ಗೊತ್ತಿಲ್ಲ. ಆದ್ರೆ ಅವರು ತಮ್ಮ ಮನೆಯ ಕರೆಂಟ್ ಸುಟ್ಟು ಮಾಡಿದ ಲೆಕ್ಕ ನಮ್ಮ ಉತ್ತರಕ್ಕೆ ಕಾಯ್ತಾ ಕೂತಿತ್ತು. ನಾವು ಊರಲ್ಲಿ ಹೋಳಿಗೆ ತಿಂತಾ ಇದ್ವಿ.

ಈ ಲೇಖನ ಅಲ್ಲಿಂದ ಹುಟ್ಟಿದ್ದು. ನಮ್ಮ ವಾದ ಇಷ್ಟೇ: ಇಂಥ ಸ್ವಯಂಸೇವೆಯಲ್ಲಿ ನಾವು ಕೊಡ್ತಿರೋದು ಸಿಪಿಯು ಅಲ್ಲ, ಉತ್ತರ. ಟಾಸ್ಕ್ ನಿಂತ್ರೆ ಯಾಕೆ ನಿಂತಿತು ಅಂತ ನೋಡಿ. ಆಗಲ್ಲ ಅಂತ ಖಾತ್ರಿ ಆದ್ರೆ 'ಆಗಲ್ಲ' ಅಂತ ಹೇಳಿ. ನೋಡದೆ ಕೊಲ್ಲೋದೂ ತಪ್ಪು, ಹೇಳದೆ ಮಲಗಿಸೋದೂ ತಪ್ಪು.

ಇದು ಏನು ವಿಷಯ?

ಗೊತ್ತಿಲ್ಲದವರಿಗೆ ಎರಡು ಮಾತು. 1999ರ ಮೇ 17ರಂದು ಅಮೆರಿಕದ ಬರ್ಕ್ಲಿ ವಿಶ್ವವಿದ್ಯಾಲಯದವರು ಸೆಟಿ ಅಟ್ ಹೋಮ್ ಶುರು ಮಾಡಿದ್ರು. ರೇಡಿಯೋ ಟೆಲಿಸ್ಕೋಪಿನ ಡೇಟಾವನ್ನು ಸಣ್ಣ ಸಣ್ಣ ತುಂಡು ಮಾಡಿ ಜನರ ಮನೆ ಕಂಪ್ಯೂಟರ್‌ಗಳಿಗೆ ಕಳಿಸೋದು, ಅಲ್ಲಿ ಅನ್ಯಗ್ರಹ ಜೀವಿಗಳ ಸಿಗ್ನಲ್ ಏನಾದ್ರೂ ಇದೆಯಾ ಅಂತ ಹುಡುಕಿಸೋದು. 2020ರ ಮಾರ್ಚ್ 31ಕ್ಕೆ ಅವರು ಹೊಸ ಕೆಲಸ ಕಳಿಸೋದು ನಿಲ್ಲಿಸಿದ್ರು. ಏಲಿಯನ್ ಸಿಗಲಿಲ್ಲ. ಆದ್ರೆ ಆ ಕೆಲಸದ ಹಿಂದಿದ್ದ ಡೇವಿಡ್ ಆಂಡರ್ಸನ್ ಮತ್ತು ಅವರ ತಂಡ ಕಟ್ಟಿದ ಬಾಯಿಂಕ್ ಅನ್ನೋ ಓಪನ್ ಸೋರ್ಸ್ ವೇದಿಕೆ ಉಳೀತು. ಇವತ್ತು ಹಲವು ಪ್ರಾಜೆಕ್ಟ್‌ಗಳು ಅದರ ಮೇಲೇ ಓಡ್ತಿವೆ. ಪ್ರೋಟೀನ್ ಆಕಾರಗಳನ್ನು ಲೆಕ್ಕ ಹಾಕೋ ರೊಸೆಟ್ಟಾ ಅಟ್ ಹೋಮ್ ಅದರಲ್ಲಿ ಒಂದು. ಅದು ವಾಷಿಂಗ್ಟನ್ ವಿಶ್ವವಿದ್ಯಾಲಯದ ಡೇವಿಡ್ ಬೇಕರ್ ಅವರ ಲ್ಯಾಬಿನದು. 2024ರ ರಸಾಯನಶಾಸ್ತ್ರದ ನೊಬೆಲ್ ಹಂಚಿಕೊಂಡವರಲ್ಲಿ ಬೇಕರ್ ಕೂಡ ಒಬ್ಬರು.

ಇನ್ನೊಂದು ಐನ್‌ಸ್ಟೈನ್ ಅಟ್ ಹೋಮ್. ಇದು ಗುರುತ್ವ ಅಲೆಗಳನ್ನೂ ಪಲ್ಸಾರ್‌ಗಳನ್ನೂ ಹುಡುಕತ್ತೆ. ಇದರದ್ದೊಂದು ಕಥೆ ಕೇಳಿ. 2010ರಲ್ಲಿ ಅರೆಸಿಬೋ ಟೆಲಿಸ್ಕೋಪಿನ ಡೇಟಾದಲ್ಲಿ ಒಂದು ಹೊಸ ಪಲ್ಸಾರ್ ಸಿಕ್ತು. ಹೆಸರು ಪಿಎಸ್‌ಆರ್ ಜೆ2007+2722, ಸೆಕೆಂಡಿಗೆ ಸುಮಾರು 41 ಸುತ್ತು ತಿರುಗತ್ತೆ. ಅದನ್ನು ಹಿಡಿದದ್ದು ಯಾವ ಸೂಪರ್ ಕಂಪ್ಯೂಟರೂ ಅಲ್ಲ. ಅಮೆರಿಕದ ಅಯೋವಾ ರಾಜ್ಯದ ಒಂದು ದಂಪತಿಯ ಕಂಪ್ಯೂಟರ್ ಮತ್ತು ಜರ್ಮನಿಯ ಒಬ್ಬರ ಕಂಪ್ಯೂಟರ್.

ಎರಡು ಕಂಪ್ಯೂಟರ್ ಯಾಕೆ? ಮನೆ ಕಂಪ್ಯೂಟರ್‌ನ ನಂಬೋಕಾಗಲ್ಲ, ಅದಕ್ಕೆ. ಓವರ್‌ಕ್ಲಾಕ್ ಮಾಡಿರ್ತಾರೆ, ಮೆಮೊರಿ ಕೆಟ್ಟಿರತ್ತೆ, ಬಿಸಿಗೆ ಲೆಕ್ಕ ತಪ್ಪತ್ತೆ. ಹಾಗಾಗಿ ಹಲವು ಪ್ರಾಜೆಕ್ಟ್‌ಗಳು ಒಂದೇ ಕೆಲಸವನ್ನು ಸಂಬಂಧವೇ ಇಲ್ಲದ ಇಬ್ಬರಿಗೆ ಕೊಟ್ಟು, ಉತ್ತರ ತಾಳೆಯಾದ್ರೆ ಮಾತ್ರ ಒಪ್ಪಿಕೊಳ್ತವೆ. ಎಲ್ಲಾ ಪ್ರಾಜೆಕ್ಟೂ ಹೀಗೇ ಅಲ್ಲ, ಆದ್ರೆ ಬಹಳಷ್ಟು ಕಡೆ ಪದ್ಧತಿ ಇದು. ಈಗ ಆ ಇಬ್ಬರಲ್ಲಿ ಒಬ್ಬರು ನಮ್ಮ ಥರ ಪ್ಲಗ್ ಕಿತ್ತು ಊರಿಗೆ ಹೋಗಿದ್ರೆ? ಪಲ್ಸಾರ್ ಎಲ್ಲೂ ಓಡಿಹೋಗ್ತಿರಲಿಲ್ಲ, ಸರಿ. ಆದ್ರೆ ಡೆಡ್‌ಲೈನ್ ಮುಗಿಯೋ ತನಕ ಸರ್ವರ್ ಕಾಯಬೇಕು, ಆಮೇಲೆ ಮೂರನೆಯವರಿಗೆ ಕಳಿಸಬೇಕು, ಅವರೂ ಮಾಡ್ಬೇಕು. ಇಂಥ ಪ್ರಾಜೆಕ್ಟಿನಲ್ಲಿ ನಿಂತ ಟಾಸ್ಕ್ ಅನ್ನೋದು ನಮ್ಮ ಖಾಸಗಿ ಸಮಸ್ಯೆ ಅಲ್ಲ. ಅದರ ಇನ್ನೊಂದು ತುದಿ ಯಾರದೋ ಕೈಯಲ್ಲಿದೆ.

ಪರ್ಸೆಂಟ್ ನಂಬಬೇಡಿ

ಮೊದಲ ತಿಂಗಳು ನಮ್ಮದು ಒಂದೇ ಮಂತ್ರ: ನಿಂತ್ರೆ ಅಬಾರ್ಟ್. ಒಂದು ಟಾಸ್ಕ್ 98 ಪರ್ಸೆಂಟಿಗೆ ಬಂದು ಮೂರು ದಿನ ಅಲ್ಲೇ ಕೂತಿತ್ತು. "ಸತ್ತೋಗಿದೆ ಕಣೋ, ಹೊಡಿ ಅಬಾರ್ಟ್" ಅಂದ ಒಬ್ಬ. ಹೊಡೆದ್ವಿ. ಹೀಗೆ ಹನ್ನೊಂದು ಟಾಸ್ಕ್ ಕೊಂದ ಮೇಲೆ ಗೊತ್ತಾಯ್ತು, ಅದರಲ್ಲಿ ಹೆಚ್ಚಿನವು ಸತ್ತೇ ಇರಲಿಲ್ಲ.

ಮೊದಲು ತಿಳಿಯಬೇಕಾದ್ದು, ಆ ಪರ್ಸೆಂಟ್ ಎಲ್ಲಾ ಸಲ ನಿಜ ಹೇಳಲ್ಲ. ಕೆಲವು ಪ್ರೋಗ್ರಾಮ್‌ಗಳು ಎಷ್ಟು ಕೆಲಸ ಮುಗೀತು ಅಂತ ಬಾಯಿಂಕ್‌ಗೆ ತಿಳಿಸೋದೇ ಇಲ್ಲ. ಆಗ ಬಾಯಿಂಕ್ ಕಳೆದ ಸಮಯ ನೋಡಿ ತಾನೇ ಒಂದು ಅಂದಾಜು ತೋರಿಸತ್ತೆ. ಆ ಅಂದಾಜು 100ರ ಹತ್ತಿರ ಹೋಗ್ತಾ ಹೋಗ್ತಾ ನಿಧಾನ ಆಗತ್ತೆ, ಮುಟ್ಟೋದಿಲ್ಲ. ಮ್ಯಾಥ್ಸ್‌ನಲ್ಲಿ ಅಸಿಂಪ್ಟೋಟ್ ಅಂತ ಓದಿದ್ವಲ್ಲ, ಅದೇ ಕಥೆ. 98 ಆದ ಮೇಲೆ ಇನ್ನೊಂದು ದಿನ ನಿಜವಾದ ಕೆಲಸ ಬಾಕಿ ಇದ್ರೂ ಇರಬಹುದು.

ಹಾಗಾದ್ರೆ ಏನು ನೋಡ್ಬೇಕು? ಮೂರು ಸಮಯ. ಟಾಸ್ಕ್ ಓಡ್ತಾ ಎಷ್ಟು ಹೊತ್ತಾಯ್ತು, ಅದರಲ್ಲಿ ಸಿಪಿಯು ನಿಜವಾಗಿ ದುಡಿದದ್ದು ಎಷ್ಟು, ಕೊನೇ ಚೆಕ್‌ಪಾಯಿಂಟ್ ಬರೆದಾಗ ಆ ಸಿಪಿಯು ಸಮಯ ಎಷ್ಟಿತ್ತು. ಮಾನಿಟರ್ ಇರೋರು ಟಾಸ್ಕ್ ಮೇಲೆ ಕ್ಲಿಕ್ ಮಾಡಿ 'ಪ್ರಾಪರ್ಟೀಸ್' ನೋಡಬಹುದು. ನಮ್ಮ ಥರ ಸ್ಕ್ರೀನ್ ಇಲ್ಲದ ಪೆಟ್ಟಿಗೆಯಾದ್ರೆ ಟರ್ಮಿನಲ್‌ನಲ್ಲಿ ಬಾಯಿಂಕ್‌ನ ಕಮಾಂಡ್ ಕೊಟ್ಟು ಟಾಸ್ಕ್ ಪಟ್ಟಿ ಕೇಳಿದ್ರೆ ಇವೆಲ್ಲ ಬರತ್ತೆ. ಈಗೊಮ್ಮೆ ಬರ್ಕೊಳ್ಳಿ, ಚಹಾ ಕುಡಿದು ಬಂದು ಮತ್ತೊಮ್ಮೆ ಬರ್ಕೊಳ್ಳಿ. ಸಿಪಿಯು ಸಮಯ ಏರ್ತಾ ಇದ್ರೆ ಅದು ದುಡೀತಾ ಇದೆ, ಬಿಡಿ ಅದರ ಪಾಡಿಗೆ. ಓಡಿದ ಸಮಯ ಏರ್ತಿದೆ, ಸಿಪಿಯು ಸಮಯ ಅಲ್ಲಾಡ್ತಿಲ್ಲ ಅಂದ್ರೆ ಆಗ ಅನುಮಾನ ಪಡಿ.

ನಮ್ಮಲ್ಲಿ ನಿಂತದ್ದಕ್ಕೆ ನಾವೇ ಕಾರಣ

ಒಂದು ಟಾಸ್ಕ್‌ನಂತೂ ನಾವು ಮರೆಯೋ ಹಾಗಿಲ್ಲ. ರಾತ್ರಿ ನೋಡಿದಾಗ ಓಡಿದ ಸಮಯ 5 ಗಂಟೆ 10 ನಿಮಿಷ. ಬೆಳಿಗ್ಗೆ ನೋಡಿದ್ರೆ 3 ಗಂಟೆ 40 ನಿಮಿಷ. ಗಡಿಯಾರ ಹಿಂದಕ್ಕೆ ಹೋಗೋದು ಹೇಗೆ ಅಂತ ಮೂವರೂ ತಲೆ ಕೆರ್ಕೊಂಡ್ವಿ.

ಕಾರಣ ಸಿಂಪಲ್. ದಿನಾ ರಾತ್ರಿ ಊಟ ಆದ ಮೇಲೆ ನಾವು ಅದೇ ಸರ್ವರ್‌ನಿಂದ ಸಿನಿಮಾ ನೋಡ್ತೀವಿ. ಆ ಹೊತ್ತಲ್ಲಿ ಕೆಲಸ ನಿಲ್ಲಿಸು ಅನ್ನೋ ಸೆಟ್ಟಿಂಗ್ ಬಾಯಿಂಕ್‌ನಲ್ಲಿ ಇತ್ತು. ಸಿನಿಮಾ ಶುರು ಆದ ಕೂಡಲೇ ಟಾಸ್ಕ್ ನಿಲ್ತಿತ್ತು. ನಿಂತ ಟಾಸ್ಕನ್ನು ಮೆಮೊರಿಯಲ್ಲಿ ಇಟ್ಕೋ ಅನ್ನೋ ಆಯ್ಕೆಗೆ ನಾವು ಟಿಕ್ ಹಾಕಿರಲಿಲ್ಲ. ಹಾಗಾಗಿ ಅದು ಮೆಮೊರಿಯಿಂದ ಹೊರಗೆ ಹೋಗ್ತಿತ್ತು, ಮತ್ತೆ ಶುರು ಆಗೋದು ಕೊನೇ ಚೆಕ್‌ಪಾಯಿಂಟ್‌ನಿಂದ. ಆ ಟಾಸ್ಕ್ ಚೆಕ್‌ಪಾಯಿಂಟ್ ಬರೀತಿದ್ದದ್ದೇ ಅಪರೂಪಕ್ಕೆ. ಸಿನಿಮಾದ ಜೊತೆಗೆ ಆಗಾಗ ಕರೆಂಟ್ ಹೋಗೋದು ಬೇರೆ, ಯುಪಿಎಸ್ ಇಲ್ಲ. ಹಾವು ಏಣಿ ಆಟದ ಥರ ಮೇಲೆ ಹತ್ತೋದು, ಮತ್ತೆ ಕೆಳಗೆ ಜಾರೋದು. ಪಾಪ, ಟಾಸ್ಕಿನ ತಪ್ಪು ಏನೂ ಇಲ್ಲ.

ಸರಿ ಮಾಡೋಕೆ ಎರಡು ಟಿಕ್ ಸಾಕಾಯ್ತು. ಮೆಮೊರಿಯಲ್ಲಿ ಇಟ್ಕೋ ಅಂದ್ವಿ, ಆ ಹೊತ್ತಲ್ಲಿ ನಿಲ್ಲಿಸೋ ನಿಯಮ ತೆಗೆದ್ವಿ. ಸಿನಿಮಾ ತಡವರಿಸತ್ತೇನೋ ಅಂತ ಭಯ ಇತ್ತು, ಆಗಲಿಲ್ಲ. ಬಾಯಿಂಕ್‌ನ ಸಿಪಿಯು ಟಾಸ್ಕ್‌ಗಳು ಅತಿ ಕಡಿಮೆ ಪ್ರಯಾರಿಟಿಯಲ್ಲಿ ಓಡ್ತವೆ, ಬೇರೆಯವರು ಕೇಳಿದ ತಕ್ಷಣ ಜಾಗ ಬಿಡ್ತವೆ. ಆಪರೇಟಿಂಗ್ ಸಿಸ್ಟಮ್ಸ್ ಪೇಪರಿನಲ್ಲಿ ಶೆಡ್ಯೂಲಿಂಗ್ ಬಗ್ಗೆ ಹತ್ತು ಮಾರ್ಕಿನ ಉತ್ತರ ಬರೆದವರು ನಾವೇ. ನಮ್ಮದೇ ರೂಮಿನಲ್ಲಿ ಅದು ನಡೀತಿದ್ದಾಗ ಗುರುತು ಹಿಡೀಲಿಲ್ಲ.

ಎರಡನೇದು ಮೆಮೊರಿ. ಪ್ರೋಟೀನ್ ಟಾಸ್ಕ್‌ಗಳು ಒಂದೊಂದೂ ಒಂದು ಜಿಬಿಗಿಂತ ಹೆಚ್ಚು ಕೇಳ್ತಿದ್ದವು. ನಾವು ಬಿಟ್ಟಿದ್ದದ್ದು 8ರಲ್ಲಿ ಅರ್ಧ. ನಾಲ್ಕು ಕೋರಿಗೆ ನಾಲ್ಕು ಟಾಸ್ಕ್ ಹಾಕಿದ್ರೆ ಒಂದಾದ್ರೂ 'ಮೆಮೊರಿಗೆ ಕಾಯ್ತಿದೆ' ಅಂತ ಮುಖ ಊದಿಸಿಕೊಂಡು ಕೂರ್ತಿತ್ತು. ಆಸೆ ಕಮ್ಮಿ ಮಾಡಿದ್ವಿ, ಎರಡೇ ಕೋರ್ ಕೊಟ್ವಿ. ವಿಚಿತ್ರ ಅನ್ಸಬಹುದು, ಆಮೇಲೆ ವಾರಕ್ಕೆ ಮುಗಿಯೋ ಟಾಸ್ಕ್‌ಗಳ ಸಂಖ್ಯೆ ಜಾಸ್ತಿನೇ ಆಯ್ತು.

ಮೂರನೇದು ನೆಟ್ಟು. ಲೆಕ್ಕ ಮುಗಿದಿದೆ, ಆದ್ರೆ ಅಪ್‌ಲೋಡ್ ಆಗ್ತಿಲ್ಲ. ಪ್ರಾಜೆಕ್ಟಿನವರ ಸರ್ವರ್ ಕೆಟ್ಟಿದೆ ಅಂತ ತೀರ್ಮಾನ ಮಾಡಿ ಎರಡು ವಾರ ಬೈದ್ವಿ. ಕೊನೆಗೆ ಲಾಗ್ ತೆಗೆದು ನೋಡಿದ್ರೆ ಫೇಲ್ ಆಗ್ತಿದ್ದದ್ದೆಲ್ಲ ರಾತ್ರಿ ಹತ್ತರಿಂದ ಬೆಳಿಗ್ಗೆ ಆರರ ಒಳಗೆ. ಕೆಳಗಡೆ ಮನೆ ಓನರ್ ಆಂಟಿ ಹತ್ರ ಕೇಳಿದ್ವಿ.

"ಹೌದಪ್ಪಾ, ಮಲಗೋ ಮುಂಚೆ ನಾನೇ ವೈಫೈ ಆಫ್ ಮಾಡ್ತೀನಿ. ರಾತ್ರಿಯೆಲ್ಲಾ ಯಾಕೆ ಉರೀಬೇಕು ಅದು? ಅಂದಹಾಗೆ ಹುಡುಗ್ರಾ, ನಿಮ್ಮ ಆ ಡಬ್ಬಿ ರಾತ್ರಿ ಪೂರ್ತಿ ಗುಂಯ್ ಅಂತಿರತ್ತಲ್ಲ, ಏನ್ರಪ್ಪಾ ಮಾಡತ್ತೆ ಅದು?"

ರಾತ್ರಿ ಮುಗಿದ ಟಾಸ್ಕ್‌ಗಳು ಅಪ್‌ಲೋಡ್‌ಗೆ ಪ್ರಯತ್ನ ಮಾಡಿ ಸೋಲ್ತಿದ್ದವು. ಪ್ರತಿ ಸೋಲಿಗೂ ಬಾಯಿಂಕ್ ಮುಂದಿನ ಪ್ರಯತ್ನದ ಅಂತರ ಹೆಚ್ಚಿಸ್ತಾ ಹೋಗತ್ತೆ, ಸರ್ವರ್ ಮೇಲೆ ಎಲ್ಲರೂ ಒಟ್ಟಿಗೆ ಮುಗಿಬೀಳಬಾರದು ಅಂತ. ಹಾಗಾಗಿ ಬೆಳಿಗ್ಗೆ ನೆಟ್ ಬಂದ ಮೇಲೂ ಅವು ಗಂಟೆಗಟ್ಟಲೆ ಸುಮ್ಮನಿರ್ತಿದ್ದವು. ಅಪ್‌ಲೋಡ್ ಬಾಕಿ ಜಾಸ್ತಿ ಆದ್ರೆ ಹೊಸ ಕೆಲಸ ತರೋದನ್ನೂ ಬಾಯಿಂಕ್ ನಿಲ್ಲಿಸತ್ತೆ. ನೆಟ್‌ವರ್ಕ್ ಬಳಸೋ ಸಮಯ ಬೆಳಿಗ್ಗೆ ಆರರಿಂದ ರಾತ್ರಿ ಹತ್ತು ಅಂತ ಬಾಯಿಂಕ್‌ನಲ್ಲೇ ಹಾಕಿದ್ವಿ. ಆಂಟಿಯ ಪದ್ಧತಿ ಅವರಿಗೆ, ನಮ್ಮ ಟಾಸ್ಕ್ ನಮಗೆ.

ಇಷ್ಟನ್ನೂ ಯಾಕೆ ಹೇಳಿದ್ವಿ ಅಂದ್ರೆ, ಕೊಂದ ಹನ್ನೊಂದರಲ್ಲಿ ಹೆಚ್ಚಿನವುಗಳ ಕಾರಣ ಈ ಮೂರರಲ್ಲೊಂದು. ಅಬಾರ್ಟ್ ಮಾಡಿದ್ರೆ ಕಾರಣ ಹೋಗಲ್ಲ. ಮುಂದಿನ ಟಾಸ್ಕೂ ಅಲ್ಲೇ ಬಂದು ಮುಗ್ಗರಿಸತ್ತೆ. ಹೀಗೆ ಕೆಡಿಸೋದು ಜಾಸ್ತಿ ಆದ್ರೆ ಆ ಕಂಪ್ಯೂಟರಿಗೆ ದಿನಕ್ಕೆ ಸಿಗೋ ಕೆಲಸದ ಕೋಟಾವನ್ನು ಸರ್ವರ್ ಇಳಿಸತ್ತೆ. ಅದು ನ್ಯಾಯವೇ.

ನಿಜವಾಗಿ ಸತ್ತದ್ದು

ಹಾಗಂತ ಎಲ್ಲಾ ಟಾಸ್ಕೂ ಬದುಕಿರತ್ತೆ ಅಂತಲ್ಲ. ಒಂದು ಟಾಸ್ಕ್ ಹದಿನೆಂಟು ಗಂಟೆ ಓಡ್ತು, ಸಿಪಿಯು ಸಮಯ ಎರಡು ಗಂಟೆಯ ಹತ್ರ ಗಟ್ಟಿಯಾಗಿ ನಿಂತಿತ್ತು. ಸಸ್ಪೆಂಡ್ ಮಾಡಿ ರೆಸ್ಯೂಮ್ ಮಾಡಿದ್ವಿ, ಆಗಲಿಲ್ಲ. ಬಾಯಿಂಕ್ ಸರ್ವಿಸನ್ನೇ ರೀಸ್ಟಾರ್ಟ್ ಮಾಡಿದ್ವಿ. ಚೆಕ್‌ಪಾಯಿಂಟ್‌ನಿಂದ ಶುರು ಆಗಿ ಮತ್ತೆ ಅದೇ ಜಾಗಕ್ಕೆ ಬಂದು ನಿಂತಿತು. ಪ್ರತಿ ಟಾಸ್ಕಿಗೂ 'ಸ್ಲಾಟ್ಸ್' ಅನ್ನೋ ಫೋಲ್ಡರ್‌ನಲ್ಲಿ ಒಂದು ಜಾಗ ಇರತ್ತೆ, ಅಲ್ಲಿ ಆ ಪ್ರೋಗ್ರಾಮ್ ತನ್ನ ತೊಂದರೆಗಳನ್ನು ಬರೆದಿಡೋ ಒಂದು ಎರರ್ ಫೈಲ್ ಸಿಗತ್ತೆ. ಅದರಲ್ಲಿ ಒಂದೇ ಸಾಲು ಮತ್ತೆ ಮತ್ತೆ ಬರೆದಿತ್ತು. ಪ್ರಾಜೆಕ್ಟಿನಲ್ಲಿ ಆ ಕೆಲಸದ ವಿವರ ತೆಗೆದ್ರೆ ನಮ್ಮ ಮುಂಚೆ ಅದನ್ನು ಪಡೆದ ಇನ್ನಿಬ್ಬರಲ್ಲೂ ಎರರ್.

ಆಗ ಅಬಾರ್ಟ್ ಒತ್ತಿದ್ವಿ. ಈ ಸಲ ಒತ್ತಿದ್ದಕ್ಕೆ ಬೇಜಾರಾಗಲಿಲ್ಲ. ಅಬಾರ್ಟ್ ಅನ್ನೋದು ಸರ್ವರ್‌ಗೆ ಹೋಗೋ ಒಂದು ಸ್ಪಷ್ಟ ಉತ್ತರ: ನನ್ನಿಂದ ಆಗಲ್ಲ, ಬೇರೆಯವರಿಗೆ ಕೊಡಿ. ಸರ್ವರ್ ಡೆಡ್‌ಲೈನ್ ತನಕ ಕಾಯೋದು ತಪ್ಪತ್ತೆ. ಒಂದೇ ಕೆಲಸ ಹಲವರಲ್ಲಿ ಕೆಟ್ಟರೆ ಆ ಕೆಲಸದಲ್ಲೇ ದೋಷ ಇರಬಹುದು ಅಂತ ಸರ್ವರ್ ಅದನ್ನು ಕಳಿಸೋದು ನಿಲ್ಲಿಸತ್ತೆ. ಅಂದ್ರೆ ನಮ್ಮ ಸೋಲು ಕೂಡ ಅವರಿಗೆ ಡೇಟಾ. ಆದ್ರೆ ದೀಪಾವಳಿಗೆ ನಾವು ಮಾಡಿದ ಹಾಗೆ ಸುಮ್ಮನೆ ಪ್ಲಗ್ ಕೀಳೋದು, ಬೋರ್ ಆಯ್ತು ಅಂತ ಬಾಯಿಂಕ್‌ನೇ ಡಿಲೀಟ್ ಮಾಡೋದು, ಅದು ಯಾವ ಉತ್ತರವೂ ಅಲ್ಲ. ಆ ಕಡೆಯವರಿಗೆ ನಾವು ದುಡೀತಿದ್ದೀವಾ, ಸತ್ತಿದ್ದೀವಾ, ಮರೆತಿದ್ದೀವಾ ಅಂತ ಗೊತ್ತಾಗೋ ದಾರಿಯೇ ಇಲ್ಲ.

ಈ ಜಾತಿಯ ಮೌನ ನಮ್ಮ ಕ್ಯಾಂಪಸ್‌ಗೆ ಹೊಸದೇನಲ್ಲ. ಫೆಸ್ಟ್‌ಗೆ ವಾಲಂಟಿಯರ್ ಲಿಸ್ಟ್ ಮಾಡಿದಾಗ ಮೊದಲು ಕೈ ಎತ್ತಿ, ಹಿಂದಿನ ದಿನ ಫೋನ್ ಎತ್ತದವರು ಎಲ್ಲಾ ಬ್ರಾಂಚಲ್ಲೂ ಇದ್ದಾರೆ. ಮಿನಿ ಪ್ರಾಜೆಕ್ಟ್ ಗ್ರೂಪಿನಲ್ಲಿ 'ಮಾಡ್ತಿದ್ದೀನಿ, ಆಲ್‌ಮೋಸ್ಟ್ ಮುಗೀತು' ಅಂತ ಮೂರು ವಾರ 98 ಪರ್ಸೆಂಟಲ್ಲಿ ಕೂತವರೂ ಇದ್ದಾರೆ. ನಮ್ಮ ಮೂವರಲ್ಲಿ ಒಬ್ಬ ಆ ಕೆಲಸ ಮಾಡಿದ್ದಾನೆ, ಹೆಸರು ಬೇಡ. ಅವನು ಮೊದಲ ವಾರವೇ 'ನಂಗೆ ಈ ಭಾಗ ಬರ್ತಿಲ್ಲ ಕಣ್ರೋ' ಅಂದಿದ್ರೆ ಹಂಚಿಕೊಂಡು ಮುಗಿಸಿಬಿಡ್ತಿದ್ವಿ. ಬರಲ್ಲ ಅನ್ನೋದು ಅವಮಾನ ಅಂತ ಅವನು ತಿಳ್ಕೊಂಡಿದ್ದ. ನಾವೂ ಅವನನ್ನ ಕೇಳೋ ಗೋಜಿಗೆ ಹೋಗಲಿಲ್ಲ.

ಆಕ್ಷೇಪಣೆಗಳು

'ಹಳೇ ಐ5ನಲ್ಲಿ ವಿಜ್ಞಾನ ಮಾಡೋದು ಕರೆಂಟ್ ದಂಡ' ಅಂತ ಒಬ್ಬರು ಸೀನಿಯರ್ ನಗಾಡಿದ್ರು. ಈ ಮಾತಲ್ಲಿ ಸತ್ಯ ಇದೆ. ಪೆಟ್ಟಿಗೆ 100 ವ್ಯಾಟ್ ಎಳೆಯತ್ತೆ ಅಂತಿಟ್ಕೊಂಡ್ರೆ ದಿನಕ್ಕೆ 2.4 ಯೂನಿಟ್, ತಿಂಗಳಿಗೆ 72. ಗೃಹಜ್ಯೋತಿಯಲ್ಲಿರೋ ಮನೆಯಾದ್ರೆ ಒಟ್ಟು ಬಳಕೆ 200 ಯೂನಿಟ್ ದಾಟಿದ ತಿಂಗಳು ಪೂರ್ತಿ ಬಿಲ್ ಕಟ್ಟಬೇಕು. ಆ ಬಿಲ್ ಓನರ್ ಕೈಗೆ ಹೋದ್ರೆ ನಮ್ಮ ಸ್ವಯಂಸೇವೆ ಅವರ ಖರ್ಚಲ್ಲಿ ನಡೆದ ಹಾಗಾಯ್ತು. ಹಾಗಾಗಿ ಮೊದಲು ಮೀಟರ್ ನೋಡಿ, ಮನೆಯವರನ್ನ ಕೇಳಿ. ನಾವು ಆಂಟಿಗೆ ಎಲ್ಲಾ ವಿವರಿಸಿ, ಹೆಚ್ಚುವರಿ ದುಡ್ಡು ನಾವೇ ಕೊಡ್ತೀವಿ ಅಂತ ಒಪ್ಪಿಸಿದ್ವಿ. ಕಾಲೇಜ್ ಲ್ಯಾಬ್ ಕಂಪ್ಯೂಟರಿನಲ್ಲಿ ಕೇಳದೆ ಹಾಕೋದಂತೂ ಬೇಡವೇ ಬೇಡ. ಕರೆಂಟ್ ನಮ್ಮದಲ್ಲದ ಕಡೆ ಅದು ದಾನ ಅನ್ನಿಸಿಕೊಳ್ಳಲ್ಲ. ಆದ್ರೆ ಅದೇ ಲೆಕ್ಕ ಇನ್ನೊಂದು ಮಾತನ್ನೂ ಹೇಳತ್ತೆ. ಕರೆಂಟ್ ದುಬಾರಿ ಅನ್ನೋದು ನಿಜವಾದ್ರೆ, ಚೆಕ್‌ಪಾಯಿಂಟ್‌ಗೆ ಜಾರಿ ಜಾರಿ ಒಂದೇ ಲೆಕ್ಕ ಹತ್ತು ಸಲ ಮಾಡಿಸೋದು ಅದಕ್ಕಿಂತ ದುಬಾರಿ.

'ಸೆಟ್ ಮಾಡಿ ಮರೆತುಬಿಡಬಹುದು, ಅದೇ ಇದರ ಚೆಂದ' ಅಂತ ಇನ್ನೊಬ್ಬರು. ಮುಕ್ಕಾಲು ಭಾಗ ಸರಿ. ದಿನಾ ನೋಡ್ತಾ ಕೂರೋದು ಬೇಡ. ವಾರಕ್ಕೆ ಐದು ನಿಮಿಷ ಸಾಕು. ಹಲವು ಪ್ರಾಜೆಕ್ಟ್‌ಗಳಲ್ಲಿ ಡೆಡ್‌ಲೈನ್ ಒಂದೆರಡು ವಾರ ಇರತ್ತೆ, ಕೆಲವಕ್ಕೆ ಮೂರೇ ದಿನ. ನಿಮ್ಮ ಪೆಟ್ಟಿಗೆ ದಿನಾ ಓಡಲ್ಲ ಅಂದ್ರೆ ಕಮ್ಮಿ ಡೆಡ್‌ಲೈನ್ ಇರೋದಕ್ಕೆ ಸೇರಬೇಡಿ, ಕೆಲಸದ ದಾಸ್ತಾನನ್ನೂ ಕಮ್ಮಿ ಇಟ್ಕೊಳ್ಳಿ. ಹತ್ತು ದಿನದ ಕೆಲಸ ತಂದು ಗುಡ್ಡೆ ಹಾಕ್ಕೊಳ್ಳೋದರಲ್ಲಿ ಯಾವ ಶೂರತನವೂ ಇಲ್ಲ. ಕ್ರೆಡಿಟ್ ಅಂಕಗಳ ಹಿಂದೆ ಬಿದ್ದು ಪಕ್ಕದ ಹಾಸ್ಟೆಲ್ ಜೊತೆ ಪೈಪೋಟಿಗೆ ಇಳಿದವರನ್ನೂ ನೋಡಿದ್ದೀವಿ. ಆ ಅಂಕಕ್ಕೆ ಕ್ಯಾಂಟೀನಲ್ಲಿ ಒಂದು ಕಟಿಂಗ್ ಚಹಾನೂ ಸಿಗಲ್ಲ.

ಇನ್ನು ಒಂದೇ ಬಟನ್ ಬಗ್ಗೆ ಹೇಳಿ ಮುಗಿಸ್ತೀವಿ. ಬಾಯಿಂಕ್‌ನಲ್ಲಿ ಪ್ರತಿ ಪ್ರಾಜೆಕ್ಟಿನ ಎದುರು 'ನೋ ನ್ಯೂ ಟಾಸ್ಕ್ಸ್' ಅಂತ ಇರತ್ತೆ. ಅದನ್ನು ಒತ್ತಿದ್ರೆ ಹೊಸ ಕೆಲಸ ಬರಲ್ಲ, ಕೈಯಲ್ಲಿರೋದು ಮಾತ್ರ ಮುಗಿಯತ್ತೆ. ಇಂಟರ್ನಲ್ಸ್ ಹತ್ತಿರ ಬಂದಾಗ, ರೂಮ್ ಖಾಲಿ ಮಾಡೋ ಮುಂಚೆ, ರಜೆಗೆ ಹೊರಡೋ ಮುಂಚೆ ಒತ್ತಬೇಕಾದ್ದು ಅದು. ನಮ್ಮ ಕ್ಯಾಂಪಸ್‌ನಲ್ಲಿ ಬಾಯಿಂಕ್ ಓಡಿಸೋರು ಇನ್ನೂ ಕೆಲವರಿದ್ದಾರೆ ಅಂತ ಗೊತ್ತು. ಸೆಮಿಸ್ಟರ್ ಮುಗಿಯೋಕೆ ಬಂತು, ಎಲ್ಲರೂ ಬ್ಯಾಗ್ ಕಟ್ತಿದ್ದೀರಿ. ದಯವಿಟ್ಟು ಹೊರಡೋಕೆ ನಾಲ್ಕು ದಿನ ಮುಂಚೆ ಅದನ್ನು ಒತ್ತಿ. ಕೊನೇ ದಿನ ಉಳಿದದ್ದು ಏನಾದ್ರೂ ಇದ್ರೆ ಅಬಾರ್ಟ್ ಮಾಡಿ, ಅಪ್‌ಡೇಟ್ ಒತ್ತಿ, ಸರ್ವರ್‌ಗೆ ಸುದ್ದಿ ಮುಟ್ಟಿಸಿ. ಆಮೇಲೆ ಪ್ಲಗ್ ಕೀಳಿ.

ಸಂಕ್ರಾಂತಿಗೆ ನಾವು ಹೀಗೇ ಮಾಡಿದ್ವಿ. ಹೊರಡೋ ಬೆಳಿಗ್ಗೆ ಎರಡು ಟಾಸ್ಕ್ ಉಳಿದಿತ್ತು. ಒಂದು ಏಳೂವರೆಗೆ ಮುಗಿದು ಅಪ್‌ಲೋಡ್ ಆಯ್ತು. ಇನ್ನೊಂದಕ್ಕೆ ಇನ್ನೂ ಆರು ಗಂಟೆ ಬೇಕಿತ್ತು, ಬಸ್ಸಿಗೆ ಒಂದೇ ಗಂಟೆ. ಅದನ್ನು ಅಬಾರ್ಟ್ ಮಾಡಿ, ಸರ್ವರ್‌ಗೆ ವರದಿ ಹೋದದ್ದನ್ನು ಲಾಗ್‌ನಲ್ಲಿ ನೋಡಿ, ಪ್ಲಗ್ ತೆಗೆದ್ವಿ. ಕೆಳಗೆ ಬಂದಾಗ ಗೇಟಿನ ಹತ್ರ ಆಂಟಿ ಕೇಳಿದ್ರು, "ಏನ್ರಪ್ಪಾ, ಡಬ್ಬಿ ಆಫ್ ಮಾಡಿದ್ರಾ?"

"ಮಾಡಿದ್ವಿ ಆಂಟಿ, ಹೇಳಿ ಮಾಡಿದ್ವಿ."

"ಯಾರಿಗೆ ಹೇಳಿದ್ರಿ?" ಅಂದ್ರು. ಅದಕ್ಕೆ ನಮ್ಮ ಹತ್ರ ಹೆಸರಿರಲಿಲ್ಲ.